ಕಾಡಿನ ನೀರು: ತಿಳಿಯಾದುದೆಲ್ಲ ಶುದ್ಧವೆ?

ಶಿವಮೊಗ್ಗೆಯಿಂದ ವಾಚಕ ಸಹೋದರಿಯೊಬ್ಬರು ಬರೆದ ಕಾಗದವು ಈ ತಿಂಗಳಿನ ನಮ್ಮ ಪ್ರಸ್ತಾವಕ್ಕೆ ವಿಷಯವನ್ನು ಒದಗಿಸಿದೆ. ಅವರ ಮಗನು ಕಾಲೇಜಿನಲ್ಲಿ ಓದುತ್ತಿರುವನು. ರಜೆ ಬಂದಿತೆಂದರೆ ಗೆಳೆಯರೊಡನೆ ಬೆನ್ನಿಗೆ ಗಂಟು ಕಟ್ಟಿಕೊಂಡು ಪಶ್ಚಿಮಘಟ್ಟದ ಬೆಟ್ಟಗಳನ್ನು ಹತ್ತಲು ಹೊರಡುವನು. "ಕುಡಿಯುವ ನೀರನ್ನು ಮನೆಯಿಂದ ಹೊತ್ತುಕೊಂಡು ಹೋಗೆಂದರೆ ಕೇಳುವುದಿಲ್ಲ. ಇದ್ದಲು, ಮರಳು, ಒಂದು ಹಳೆಯ ಬಾಟಲಿ, ಇಷ್ಟಿದ್ದರೆ ಕಾಡಿನಲ್ಲಿಯೇ ಶೋಧಕವನ್ನು ಮಾಡಿಕೊಳ್ಳಬಹುದೆಂದು ಮೊಬೈಲಿನಲ್ಲಿ ತೋರಿಸಿದ್ದಾರಂತೆ. ಇದು ನಿಜವೆ? ನಿಜವಾದರೆ ಮಾಡುವ ಕ್ರಮವನ್ನು ತಿಳಿಸಿರಿ, ಸುಳ್ಳಾದರೆ ಅವನಿಗೆ ಮನವರಿಕೆಯಾಗುವಂತೆ ಬರೆಯಿರಿ" ಎಂದು ಅವರ ಕೋರಿಕೆ.

ಈ ಮಾತು ಅರ್ಧ ನಿಜ. ಆ ಅರ್ಧ ಯಾವುದೆಂಬುದನ್ನು ಅರಿಯದೆ ಕುಡಿದವರು ಆಸ್ಪತ್ರೆಯ ಮಂಚವನ್ನು ಕಂಡುದುಂಟು. ಆದಕಾರಣ ಕೊಂಚ ವಿಸ್ತಾರವಾಗಿಯೇ ಬರೆಯಬೇಕಾಗಿದೆ; ವಾಚಕ ಮಹಾಶಯರು ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಮೊದಲು ಎರಡು ಶಬ್ದಗಳ ವಿಚಾರ. 'ಪ್ರಸನ್ನ' ಎಂಬ ಪದವನ್ನು ನಾವು ಈಗ ದೇವರ ಮುಖಕ್ಕೂ ಹಿರಿಯರ ಮನಸ್ಸಿಗೂ ಮೀಸಲಾಗಿಟ್ಟಿದ್ದೇವೆ. ಆದರೆ ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಇದನ್ನು ತಿಳಿಯಾದ ನೀರಿಗೆ ಹೇಳಿದ್ದಾನೆ. ರಾಡಿಯೆಲ್ಲವೂ ಅಡಿಗೆ ಕುಳಿತು ಮೇಲೆ ಸ್ವಚ್ಛವಾಗಿ ನಿಂತ ನೀರೇ ಪ್ರಸನ್ನ. ಹಾಗೆ ತಿಳಿಗೊಳಿಸುವ ಕ್ರಿಯೆಯೇ ಪ್ರಸಾದನ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ದ್ರವದ್ರವ್ಯಗಳನ್ನು ಕುರಿತ 45ನೆಯ ಅಧ್ಯಾಯವೊಂದಿದೆ. ಅಲ್ಲಿ ಆಚಾರ್ಯನು ನೀರಿನ ಕೆಡುಕನ್ನು ಒಂದೇ ಎಂದು ಎಣಿಸದೆ ಎರಡಾಗಿ ವಿಂಗಡಿಸಿರುವುದನ್ನು ಗಮನಿಸಬೇಕು. 'ವ್ಯಾಪನ್ನ'ವಾದ ನೀರು, ಎಂದರೆ ರೋಗವನ್ನು ತರುವಂತೆ ಕೆಟ್ಟುಹೋದ ನೀರು, ಒಂದು. 'ಕಲುಷ'ವಾದ ನೀರು, ಎಂದರೆ ಕದಡಿ ಮಣ್ಣಾದ ನೀರು, ಮತ್ತೊಂದು. ಮೊದಲನೆಯದಕ್ಕೆ ಅವನು ಹೇಳಿದ ಉಪಾಯಗಳಲ್ಲಿ ಬೆಂಕಿಯ ಮೇಲೆ ಕುದಿಸುವುದು, ಬಿಸಿಲಿನಲ್ಲಿ ಕಾಯಿಸುವುದು, ಕಾದ ಕಬ್ಬಿಣದ ಗುಂಡನ್ನೋ ಮರಳನ್ನೋ ಹೆಂಟೆಯನ್ನೋ ಅದರಲ್ಲಿ ಅದ್ದುವುದು ಇವು ಮುಖ್ಯವಾದುವು. ಎರಡನೆಯದಕ್ಕೆ ಏಳು ಪ್ರಸಾದನ ದ್ರವ್ಯಗಳನ್ನು ಬೇರೆಯಾಗಿ ಎಣಿಸಿದ್ದಾನೆ. ಕತಕದ ಬೀಜ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ ಇವೆಲ್ಲ ಆ ಏಳರಲ್ಲಿ ಸೇರಿವೆ. ತಿಳಿಗೊಳಿಸುವುದು ಬೇರೆ, ರೋಗವನ್ನು ಕಳೆಯುವುದು ಬೇರೆ ಎಂಬ ಈ ವಿವೇಕವು ಸೂಕ್ಷ್ಮದರ್ಶಕವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ವೈದ್ಯರಲ್ಲಿತ್ತು. ಇಂದಿನ ಮೊಬೈಲಿನ ಶೋಧಕವು ಈ ಎರಡನೆಯ ಪಟ್ಟಿಗೆ ಸೇರಿದ್ದು. ಅದನ್ನು ಮೊದಲನೆಯ ಪಟ್ಟಿಗೆ ಸೇರಿಸಿಕೊಂಡು ಕುಡಿಯುವುದರಿಂದಲೇ ಅನರ್ಥವೆಲ್ಲ.

ಕತಕವೆಂದರೆ ನಮ್ಮ ಚಿಲ್ಲದ ಬೀಜ. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುವು ಸಂನ್ಯಾಸಧರ್ಮವನ್ನು ಹೇಳುವಲ್ಲಿ ದೃಷ್ಟಾಂತ ಕೊಟ್ಟಿರುವುದರಿಂದ, ಆ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮನೆಮದ್ದಾಗಿದ್ದಿರಬೇಕು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬಾವಿಗೆ ಹಾಕತಕ್ಕ ಚೂರ್ಣಗಳಲ್ಲಿ ಲಾವಂಚ, ನೆಲ್ಲಿಕಾಯಿಗಳ ಜೊತೆಗೆ ಇದನ್ನೂ ಹೇಳಿದ್ದಾನೆ. ಬೀಜವನ್ನು ಮಡಕೆಯ ಒಳಮೈಗೆ ತೇದು ಮೇಲೆ ನೀರು ತುಂಬಿಟ್ಟರೆ, ತಾನಾಗಿ ಕೆಳಗೆ ಕೂರಲಾರದಷ್ಟು ನುಣುಪಾದ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು, ಹತ್ತಿಯ ಎಳೆಯಂತೆ ಗುಂಪುಗೂಡಿ, ಭಾರವಾಗಿ ಅಡಿ ಸೇರುತ್ತವೆ. ನುಗ್ಗೆಯ ಒಣಬೀಜದ ತಿರುಳಿಗೂ ಇದೇ ಗುಣವಿದೆ. ಚಿಲ್ಲದ ಮರವು ಒಣಕಾಡಿನದು; ನಮ್ಮ ತಂಪು ಸೀಮೆಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ನುಗ್ಗೆಯಾದರೋ ಹಿತ್ತಿಲಿನಲ್ಲಿಯೇ ದೊರೆಯುತ್ತದೆ. ಬೆಟ್ಟಕ್ಕೆ ಹೊರಡುವ ಹುಡುಗನು ನಾಲ್ಕು ಬೀಜಗಳನ್ನು ಜೇಬಿನಲ್ಲಿ ಹಾಕಿಕೊಂಡರೆ ಭಾರವೇನೂ ಆಗದು.

ಪ್ರಕೃತಕ್ಕೆ ಬರೋಣ. ಶೃಂಗೇರಿಗೆ ಸಮೀಪದ ನಮ್ಮ ಮೆಣಸೆಯ ಕಡೆ ನೀರಿಗೆ ಬರವೆಂಬುದನ್ನು ಬಲ್ಲವರು ಕಡಮೆ. ತುಂಗೆಯು ಹುಟ್ಟುವ ಗಂಗಾಮೂಲವು ದೂರವಲ್ಲ. ಆಚೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕಿಗ್ಗದ ಋಷ್ಯಶೃಂಗಸ್ವಾಮಿಗೆ ಮಳೆ ಬರಲೆಂದೂ ಹರಕೆ ಹೊರುತ್ತಾರೆ, ಸಾಕು ನಿಲ್ಲಲೆಂದೂ ಹರಕೆ ಹೊರುತ್ತಾರೆ. ಇಂಥ ಸೀಮೆಯವರಿಗೆ ಹರಿಯುವ ನೀರಿಗೆ ದೋಷವಿಲ್ಲವೆಂಬ ನಂಬಿಕೆಯು ತಾಯಿಯ ಹಾಲಿನೊಡನೆಯೇ ಬಂದದ್ದು. ತುಂಗಾಪಾನ, ಗಂಗಾಸ್ನಾನವೆಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಮಡಿ ಮೈಲಿಗೆಯ ದೃಷ್ಟಿಯಿಂದ ಆ ನಂಬಿಕೆಯಲ್ಲಿ ನಾವು ಕೈಹಾಕುವುದಿಲ್ಲ. ಆದರೆ ರೋಗಾಣುವಿಗೆ ಮಡಿಯ ಪರಿವೆಯಿಲ್ಲ. ಹಳ್ಳದ ಮೇಲುಭಾಗದಲ್ಲಿ ಒಂದು ಕಡವೆ ಸತ್ತು ಕೊಳೆತಿದ್ದರೆ ಕೆಳಗೆ ಬೊಗಸೆಯೊಡ್ಡಿದವನಿಗೆ ಅದು ಕಾಣುವುದಿಲ್ಲ. ಇಲಿ, ದನ, ನಾಯಿಗಳ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರವು ನಮ್ಮ ಮಲೆನಾಡಿಗೆ ಹೊಸತಲ್ಲ. ಅದು ಕುಡಿಯಬೇಕೆಂದೂ ಇಲ್ಲ, ಕಾಲಿನ ಗಾಯದ ಮೂಲಕವೇ ಒಳಹೊಗುತ್ತದೆ.

ಆದುದರಿಂದ ಶೋಧಕಕ್ಕಿಂತ ಮೊದಲು ನೀರಿನ ಆಯ್ಕೆ. ಬಂಡೆಯ ಸಂದಿನಿಂದ ಜಿನುಗುವ ಒರತೆ ಸಿಕ್ಕಿದರೆ ಹಳ್ಳವನ್ನು ಬಿಡಿರಿ. ಹಳ್ಳವೇ ಗತಿಯಾದರೆ ನಿಂತ ಮಡುವಿಗಿಂತ ಹರಿಯುವ ಸೆಲೆ ವಾಸಿ. ದನ ಇಳಿಯುವ ಕಡುವಿಗಿಂತ ಮೇಲೆ, ಮನೆಗಳಿಗಿಂತ ಇನ್ನೂ ಮೇಲೆ ಹೋಗಿ ತುಂಬಿಕೊಳ್ಳಬೇಕು. ಇನ್ನೊಂದು ಸಂಗತಿಯನ್ನು ಪಟ್ಟಣದ ಹುಡುಗರು ಅರಿಯರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗುಲದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುತ್ತೇವೆ; ಕಾಫಿಯ ತೋಟಗಳಲ್ಲಿ ಬೇರೆ ಬೇರೆ ಔಷಧಿಗಳ ಬಳಕೆಯಿದೆ. ತೋಟದ ಕೆಳಗಿನ ಹಳ್ಳಕ್ಕೆ ಅದರ ಪಾಲು ಇಳಿಯದೆ ಇರುವುದಿಲ್ಲ. ಇಂಥ ವಿಷವನ್ನು ಮರಳು ತಡೆಯದು, ಬೆಂಕಿಯೂ ಸುಡದು. ಕುದಿಸಿದಷ್ಟೂ ನೀರು ಇಂಗಿ ವಿಷವು ಗಟ್ಟಿಯಾದೀತೇ ಹೊರತು ಹೋಗದು. ಕಾಡಿನ ಇದ್ದಲು ಅಲ್ಪಸ್ವಲ್ಪ ಹಿಡಿದೀತಾದರೂ ಅದನ್ನು ನಂಬುವಂತಿಲ್ಲ. ತೋಟದ ಕೆಳಗಿನ ನೀರನ್ನು ಮುಟ್ಟದಿರುವುದೇ ಸರಿ.

ಇನ್ನು ಶೋಧಕದ ರಚನೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಿದ್ದರೆ ಅದರ ತಳವನ್ನು ಕತ್ತರಿಸಿ ತೆಗೆದು, ಮುಚ್ಚಳದಲ್ಲಿ ದಬ್ಬಣ ಹೋಗುವಷ್ಟು ತೂತು ಮಾಡಿ, ತಲೆಕೆಳಗಾಗಿ ಕೊಂಬೆಗೆ ತೂಗುಹಾಕಬೇಕು. ಬಾಟಲಿಯಿಲ್ಲದವರಿಗೆ ಮಲೆನಾಡಿನಲ್ಲಿ ಪಾತ್ರೆಯ ಕೊರತೆಯೆಲ್ಲಿ? ದಪ್ಪ ಬಿದಿರಿನ ಒಂದು ಗೆಣ್ಣಿನಷ್ಟನ್ನು ಕಡಿದು, ಕೆಳಗಿನ ಗೆಣ್ಣಿಗೆ ತೂತು ಕೊರೆದರೆ ಬಾಟಲಿಗಿಂತ ಗಟ್ಟಿಯಾದ ಅಂಡೆಯಾಯಿತು. ತೋಟದ ಅಂಚಿನಲ್ಲಿದ್ದರೆ ಉದುರಿದ ಅಡಿಕೆಯ ಹಾಳೆಯನ್ನು ಶಂಖುವಿನಂತೆ ಸುತ್ತಿ ಬಳ್ಳಿಯಿಂದ ಕಟ್ಟಬಹುದು. ಕೆಳತುದಿಯಲ್ಲಿ ಕಿರುಬೆರಳು ಹೋಗದಷ್ಟು ಸಂದು ಬಿಟ್ಟರಾಯಿತು. ಗದ್ದೆಯಲ್ಲಿ ಬಾಯಾರಿದಾಗ ಹಾಳೆಯನ್ನು ಮಡಿಸಿ ನೀರು ಮೊಗೆದು ಕುಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಒಳಗೆ ತುಂಬುವ ಕ್ರಮದಲ್ಲಿ ಹುಡುಗರು ತಪ್ಪುವುದೇ ಹೆಚ್ಚು. ಕೆಳಗಿನ ಬಾಯಿಗೆ ಮೊದಲು ಒಗೆದ ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒತ್ತಬೇಕು. ಅದರ ಮೇಲೆ ಒಂದು ಬೆರಳಿನಷ್ಟು ಮರಳು. ಇದಿಲ್ಲದಿದ್ದರೆ ಇದ್ದಲಿನ ಪುಡಿಯು ಬಟ್ಟೆಯನ್ನು ದಾಟಿ ಕೆಳಗಿಳಿಯುತ್ತದೆ. ಮರಳಿನ ಮೇಲೆ ನಾಲ್ಕು ಬೆರಳು ಇದ್ದಲು, ಅದರ ಮೇಲೆ ಮತ್ತೆ ನಾಲ್ಕು ಬೆರಳು ಸಣ್ಣ ಮರಳು, ಎರಡು ಬೆರಳು ದಪ್ಪ ಮರಳು, ಎಲ್ಲಕ್ಕೂ ಮೇಲೆ ಹುಣಿಸೆಬೀಜದ ಗಾತ್ರದ ಕಲ್ಲುಹರಳು. ದಪ್ಪ ಕಸವು ಮೇಲಿನ ಹರಳಿನಲ್ಲಿಯೇ ನಿಂತು ಸಣ್ಣದು ಕೆಳಗೆ ಸಿಗಬೇಕೆಂಬುದು ಇಲ್ಲಿಯ ತತ್ತ್ವ. ಇದನ್ನು ತಿರುವು ಮುರುವು ಮಾಡಿದರೆ ಸಣ್ಣ ಮರಳು ಒಂದು ಕೊಡಕ್ಕೇ ಕಟ್ಟಿಕೊಳ್ಳುತ್ತದೆ. ಮರಳನ್ನೂ ಹರಳನ್ನೂ ಅಕ್ಕಿ ತೊಳೆದಂತೆ ಏಳೆಂಟು ಸಲ ತೊಳೆದು, ತೊಳೆದ ನೀರು ತಿಳಿಯಾಗಿ ಬಂದ ಮೇಲೆಯೇ ತುಂಬಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಹಳ್ಳಗಳಲ್ಲಿ ಈ ತೊಳೆಯುವ ಕೆಲಸವೇ ಅರ್ಧ ಗಂಟೆ ಹಿಡಿಯುತ್ತದೆ. ಚಿತ್ರದಲ್ಲಿ ಅದನ್ನು ತೋರಿಸುವುದಿಲ್ಲ.

ಇದ್ದಲೆಂದರೆ ಬೂದಿಯಲ್ಲ. ಗಟ್ಟಿಮರದ ಕೊರಡು ಚೆನ್ನಾಗಿ ಕೆಂಡವಾದ ಮೇಲೆ ಮಣ್ಣು ಮುಚ್ಚಿ ನಂದಿಸಿದ ಕರಿಯ ತುಂಡು ಬೇಕು. ತೆಂಗಿನ ಕರಟದ್ದು ಸಿಕ್ಕಿದರೆ ಇನ್ನೂ ಉತ್ತಮ. ಅದನ್ನು ರಾಗಿಯಿಂದ ಜೋಳದವರೆಗಿನ ಗಾತ್ರಕ್ಕೆ ಕುಟ್ಟಿ, ಪುಡಿಯನ್ನು ತೊಳೆದು ಕಳೆಯಬೇಕು. ಬೂದಿ ಬೆರೆತರೆ ನೀರು ಚೌಳಾಗುತ್ತದೆ. ಮರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು: ಸೊನೆ ತಾಗಿದರೆ ಮೈ ಬೊಬ್ಬೆಯೇಳುವ ಚೇರಿನ ಕೊರಡನ್ನು ಒಲೆಗೂ ಹಾಕಬಾರದು, ಇದ್ದಲಿಗೂ ಬಳಸಬಾರದು. ಇದ್ದಲಿನ ಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದು, ಕೊಳೆತೆಲೆಯ ವಾಸನೆಯನ್ನೂ ಬಣ್ಣವನ್ನೂ ಅವು ಹಿಡಿದಿಟ್ಟುಕೊಳ್ಳುತ್ತವೆ. ಕಾರ್ಖಾನೆಗಳಲ್ಲಿ ಉಗಿಯಿಂದಲೋ ರಸಾಯನದಿಂದಲೋ ಹದಮಾಡಿದ ಇದ್ದಲಿನ ಒಂದು ಗ್ರಾಮಿನಲ್ಲಿ ಈ ರಂಧ್ರಗಳ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ನೂರಾರು ಚದರ ಮೀಟರುಗಳಾದಾವು. ಕಾಡಿನ ಒಲೆಯ ಇದ್ದಲಿಗೆ ಅದರ ಸಣ್ಣ ಪಾಲು ಶಕ್ತಿ ಮಾತ್ರ.

ನೀರನ್ನು ಮೇಲಿನಿಂದ ಮೆಲ್ಲನೆ ಹೊಯ್ಯಬೇಕು. ಕೆಳಗೆ ಹನಿಹನಿಯಾಗಿ ಬಿದ್ದರೆ ಸರಿ, ಧಾರೆಯಾಗಿ ಸುರಿದರೆ ಮರಳು ಒರಟಾಯಿತೆಂದು ಅರ್ಥ. ಮೊದಲ ಎರಡು ಮೂರು ತುಂಬು ಕರಿಯಾಗಿ ಬರುತ್ತದೆ, ಚೆಲ್ಲಬೇಕು. ಆಮೇಲಿನದನ್ನು ಮತ್ತೊಮ್ಮೆ ಹಾಯಿಸಿದರೆ ಕಣ್ಣಿಗೆ ಸ್ಫಟಿಕದಂತೆ ತೋರುತ್ತದೆ.

ಇಷ್ಟೆಲ್ಲ ಪಾಡಿಗಿಂತ ಸುಲಭವಾದ, ನಮ್ಮ ಅಭಿಪ್ರಾಯದಲ್ಲಿ ಮೇಲಾದ ಉಪಾಯವೊಂದಿದೆ. ಹೊಳೆಯ ದಡದಲ್ಲಿ ಮರಳಿದ್ದರೆ, ನೀರಿನಂಚಿನಿಂದ ಒಂದೆರಡು ಮಾರು ಈಚೆಗೆ ಮೊಣಕೈ ಆಳದ ಗುಂಡಿ ತೋಡಿರಿ. ನೀರು ಮರಳಿನ ಒಳಗಿನಿಂದ ತಾನಾಗಿ ಬಸಿದು ಬರುತ್ತದೆ. ಮೊದಲು ತುಂಬಿದ ಕದಡನ್ನು ಎರಡು ಮೂರು ಬಾರಿ ಮೊಗೆದು ಚೆಲ್ಲಿ, ಆಮೇಲೆ ಸುಮ್ಮನೆ ಕಾಯಬೇಕು. ಬಯಲುಸೀಮೆಯ ಹೆಣ್ಣುಮಕ್ಕಳು ಬೇಸಗೆಯಲ್ಲಿ ಒಣಗಿದ ಹೊಳೆಯ ಪಾತ್ರದಲ್ಲಿ ಒರತೆ ತೋಡಿ, ಚಿಪ್ಪಿನಿಂದ ಮೊಗೆಮೊಗೆದು ಕೊಡ ತುಂಬಿದ್ದು ಇದೇ ರೀತಿಯಲ್ಲಿ. ಬಾಟಲಿಯಲ್ಲಿ ಒಂದು ಗೇಣು ಮರಳು. ಇಲ್ಲಿ ಎರಡು ಮಾರು ಮರಳು, ಅದೂ ಪ್ರಕೃತಿಯೇ ತೊಳೆದಿಟ್ಟದ್ದು.

ಮರಳು ಇಷ್ಟು ಉಪಕಾರಿಯಾದರೆ ರೋಗಾಣುವನ್ನು ಏಕೆ ತಡೆಯಲಾರದೆಂದು ಯಾರಾದರೂ ಕೇಳಬಹುದು. ತಡೆಯಬಲ್ಲದು, ಆದರೆ ಹೊಸ ಮರಳಲ್ಲ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ 8,000ಕ್ಕೂ ಮಿಕ್ಕಿ ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆಯು ಸೇರಿದ ಮೇಲಿನ ನೀರನ್ನು, ಕುಡಿಯುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ಆಲ್ಟೋನಾದವರು ನೀರನ್ನು ದೊಡ್ಡ ಮರಳಿನ ಹಾಸುಗಳ ಮೂಲಕ ನಿಧಾನವಾಗಿ ಇಳಿಸುತ್ತಿದ್ದರು. ಹ್ಯಾಂಬರ್ಗಿನವರು ಸೋಸದೆಯೇ ಕೊಳಾಯಿಗೆ ಬಿಡುತ್ತಿದ್ದರು. ಒಂದೇ ಗಡಿಬೀದಿಯ ಆಚೆ ಈಚೆ ರೋಗವುಂಟು ರೋಗವಿಲ್ಲ ಎಂಬಂತಾಯಿತೆಂದರೆ ಆ ಕಾಲದ ವಿದ್ವಾಂಸರ ತರ್ಕವೆಲ್ಲ ನಿಲ್ಲಬೇಕಾಯಿತು. ಆದರೆ ಆ ಹಾಸುಗಳಲ್ಲಿ ರೋಗಾಣುವನ್ನು ಹಿಡಿಯುವ ಕೆಲಸವನ್ನು ಮುಖ್ಯವಾಗಿ ಮಾಡುತ್ತಿದ್ದದ್ದು ಮರಳಿನ ಮೇಲೆ ದಿನಗಟ್ಟಳೆ, ವಾರಗಟ್ಟಳೆ ಬೆಳೆದ ಒಂದು ತೆಳುವಾದ ಲೋಳೆಯ ಪೊರೆ. ನಿರುಪದ್ರವಿಗಳಾದ ಸೂಕ್ಷ್ಮಜೀವಿಗಳು ಅಲ್ಲಿ ನೆಲಸಿ, ಬಂದ ರೋಗಾಣುಗಳನ್ನು ತಿಂದು ಮುಗಿಸುತ್ತವೆ. ಅರ್ಧ ಗಂಟೆಯ ಹಿಂದೆ ತೊಳೆದು ತುಂಬಿದ ಬಾಟಲಿಯ ಮರಳಿನಲ್ಲಿ ಆ ಪೊರೆಯೆಲ್ಲಿಂದ ಬರಬೇಕು?

ಗಾತ್ರದ ಲೆಕ್ಕವನ್ನೂ ನೋಡಿರಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ವಿಷಮಶೀತಜ್ವರದ ರೋಗಾಣುವು ಎರಡು ಮೂರು ಮೈಕ್ರಾನ್ ಉದ್ದ, ಒಂದು ಮೈಕ್ರಾನಿಗೂ ಕಡಮೆ ದಪ್ಪ. ಸಣ್ಣ ಮರಳಿನ ಕಣಗಳ ನಡುವಿನ ಸಂದು ಹತ್ತಾರು ಮೈಕ್ರಾನುಗಳಷ್ಟು. ನೀರಿನಿಂದ ಬರುವ ಕಾಮಾಲೆಯ ವೈರಸ್ಸಂತೂ ಒಂದು ಮೈಕ್ರಾನಿನ ನೂರರಲ್ಲಿ ಮೂರು ಪಾಲು. ಹೆಬ್ಬಾಗಿಲು ತೆರೆದಿರುವ ಮನೆಗೆ ಇರುವೆ ನುಗ್ಗುವಂತೆ ಅವು ದಾಟಿಹೋಗುತ್ತವೆ.

ಎರಡು ವರ್ಷಗಳ ಹಿಂದೆ ಮಾರ್ಗಶಿರದಲ್ಲಿ ನಾಲ್ವರು ತರುಣರು ಕಿಗ್ಗದ ಮೇಲಿನ ನರಸಿಂಹಪರ್ವತವನ್ನು ನೋಡಿಕೊಂಡು ಹಿಂದಿರುಗುವಾಗ ನಮ್ಮ ಜಗಲಿಯಲ್ಲಿ ಕೊಂಚ ಹೊತ್ತು ಕುಳಿತಿದ್ದರು. ಒಬ್ಬನು ತನ್ನ ಬಾಟಲಿಯ ಶೋಧಕವನ್ನು ಹೆಮ್ಮೆಯಿಂದ ತೆಗೆದು ತೋರಿಸಿದನು. ಕೆಲಸವು ಅಚ್ಚುಕಟ್ಟಾಗಿತ್ತೆಂದು ನಾನೂ ಮೆಚ್ಚಿದೆನು.

"ನೋಡಿ ಮೇಷ್ಟ್ರೇ, ಅಂಗಡಿಯ ನೀರಿಗಿಂತ ತಿಳಿಯಾಗಿದೆ" ಎಂದನು.

"ಎಲ್ಲಿಯ ನೀರಪ್ಪ?" ಎಂದು ಕೇಳಿದ್ದಕ್ಕೆ, ಇಳಿದು ಬರುವಾಗ ದಾರಿಯಲ್ಲಿ ಸಿಕ್ಕಿದ ಹಳ್ಳವೆಂದು ಹೇಳಿ ಗುರುತು ಕೊಟ್ಟನು. ಅದು ಹತ್ತು ಹದಿನೈದು ಮನೆಗಳ ಕೆಳಗೆ ಹರಿದು ಬರುವ ಹಳ್ಳ.

"ಕುದಿಸಿದಿರೊ?"

"ಸೋಸಿದ ಮೇಲೆ ಕುದಿಸುವುದೇಕೆ?"

ಅವರು ಬೆಳಗಿನಿಂದ ಅದನ್ನೇ ಕುಡಿದಿದ್ದರು. ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿಸಿ, ನಮ್ಮ ಮನೆಯ ಕಾಸಿದ ನೀರನ್ನು ತುಂಬಿಸಿ ಕಳುಹಿಸಿದೆನು. ಮೂರು ವಾರಗಳ ತರುವಾಯ ಅವರಲ್ಲೊಬ್ಬನ ಕಾಗದ ಬಂದಿತು. ಇಬ್ಬರು ವಿಷಮಶೀತಜ್ವರದಿಂದ ಮಲಗಿದ್ದರೆಂದೂ, ವೈದ್ಯರು ನೀರನ್ನೇ ಶಂಕಿಸಿದರೆಂದೂ, ಶೋಧಕವನ್ನು ಮಾಡಿದ ಹುಡುಗನು ಆ ಸಲದ ಪರೀಕ್ಷೆಗೆ ಕುಳಿತುಕೊಳ್ಳಲಾಗಲಿಲ್ಲವೆಂದೂ ಬರೆದಿದ್ದನು. ಅವನ ತಂದೆ ಸಣ್ಣ ಸಂಬಳದ ಗುಮಾಸ್ತರಂತೆ.

ಹಾಗಾದರೆ ಸೋಸುವುದೇ ವ್ಯರ್ಥವೆ? ಎಂದಿಗೂ ಅಲ್ಲ. ಕೆಲವು ರೋಗಗಳನ್ನು ಬರಿಯ ಬಟ್ಟೆಯೇ ಓಡಿಸಿದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ನಾರುಹುಣ್ಣು ಎಂಬ ಭಯಂಕರ ವ್ಯಾಧಿಯಿತ್ತು. ಕಾಲಿನ ಹುಣ್ಣಿನಿಂದ ಮೊಳಗಟ್ಟಳೆ ಉದ್ದದ ದಾರದಂಥ ಹುಳವು ಹೊರಬರುತ್ತಿತ್ತು. ಅದನ್ನು ದಿನಕ್ಕಿಷ್ಟೆಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯಬೇಕಾಗಿತ್ತು. ಹುಣ್ಣಿನ ಕಾಲಿನಿಂದ ಮೆಟ್ಟಿಲುಬಾವಿಗೆ ಇಳಿದರೆ ಹುಳದ ಮರಿಗಳು ನೀರಿಗೆ ಸೇರುತ್ತಿದ್ದವು. ನೀರಿನಲ್ಲಿರುವ ಚಿಗಟದಂಥ ಸಣ್ಣ ಜೀವಿಯು ಅವನ್ನು ನುಂಗುತ್ತಿತ್ತು. ಆ ನೀರನ್ನು ಕುಡಿದವನ ಹೊಟ್ಟೆಯಲ್ಲಿ ಹುಳವು ಬೆಳೆಯುತ್ತಿತ್ತು. ಈ ಚಿಗಟವು ರೋಗಾಣುವಿನಂತೆ ಅತಿಸೂಕ್ಷ್ಮವಲ್ಲವಾದ್ದರಿಂದ ಒತ್ತಾದ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಮನೆಮನೆಯಲ್ಲಿ ನೀರನ್ನು ಬಟ್ಟೆಯಿಂದ ಸೋಸುವಂತೆ ಕಲಿಸಿ, ಮೆಟ್ಟಿಲುಬಾವಿಗಳನ್ನು ತಪ್ಪಿಸಿ ಕೊಳವೆಬಾವಿಗಳನ್ನು ಒದಗಿಸಿ, ಭಾರತವು ಈ ರೋಗವನ್ನು ನಿರ್ಮೂಲ ಮಾಡಿತು. 1996ರಲ್ಲಿ ದೇಶದ ಕೊನೆಯ ರೋಗಿಯು ಕಂಡುಬಂದನು; 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಔಷಧವೂ ಇರಲಿಲ್ಲವೆಂಬುದನ್ನು ನೆನೆಯಿರಿ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿಯ ಸೀರೆಯನ್ನು ಹಲವು ಪದರಗಳಾಗಿ ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ರೋಗವು ಹೆಚ್ಚುಕಡಮೆ ಅರ್ಧಕ್ಕೆ, 48ರಷ್ಟು ಪ್ರತಿಶತ, ಇಳಿಯಿತೆಂದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತಿಳಿದುಬಂದಿತು. ಕಾಲರಾದ ರೋಗಾಣುಗಳು ಅಲ್ಲಿಯ ಕೆರೆಗಳಲ್ಲಿ ಇಂಥದೇ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುವುದೇ ಕಾರಣ. ಹೊಸ ಸೀರೆಗಿಂತ ಹಳೆಯದು ಲೇಸು. ಒಗೆದೊಗೆದು ನೂಲು ಉಬ್ಬಿ ಸಂದು ಕಿರಿದಾಗಿರುತ್ತದೆ. ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂದು ಮನುವು ಯತಿಗಳಿಗೆ ವಿಧಿಸಿದುದೂ, ನಮ್ಮ ಜೈನ ಬಂಧುಗಳು ನೀರನ್ನು ಗಾಳಿಸಿ, ಬಟ್ಟೆಯಲ್ಲಿ ಉಳಿದುದನ್ನು ಬಂದ ಬಾವಿಗೇ ಹಿಂದಿರುಗಿಸುವುದೂ ಜೀವಹಿಂಸೆ ಆಗದಿರಲೆಂದು. ಆ ದಯೆಯಿಂದ ಕುಡಿಯುವವನಿಗೂ ಉಪಕಾರವಾಯಿತು.

ಆದರೆ ಅರ್ಧಕ್ಕೆ ಇಳಿಯಿತೆಂದರೆ ಉಳಿದರ್ಧವು ಉಳಿದೇ ಇತ್ತೆಂದಾಯಿತಷ್ಟೆ. ಅದಕ್ಕೆ ಬೆಂಕಿಯೇ ಬೇಕು. ನೀರು ಗುಳ್ಳೆಯೆದ್ದು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಹತ್ತು ನಿಮಿಷ ಕುದಿಸಬೇಕೆಂಬ ಹಳೆಯ ಮಾತು ಸೌದೆಗೆ ಕೇಡು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಮೇಲೇರಿದರೆ ನೀರು ಕಡಮೆ ಕಾವಿನಲ್ಲಿಯೇ ಕುದಿಯುವುದರಿಂದ ಮೂರು ನಿಮಿಷ ಬೇಕೆನ್ನುತ್ತಾರೆ; ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಆ ಎತ್ತರವನ್ನು ಮುಟ್ಟದಿರುವಾಗ ಇಲ್ಲಿಯವರಿಗೆ ಆ ಲೆಕ್ಕ ಬೇಡ. ಲೋಹದ ಪಾತ್ರೆಯಿಲ್ಲದೆ ಕಾಡಿನಲ್ಲಿ ಸಿಕ್ಕಿಕೊಂಡವನು ಹಸಿಬಿದಿರಿನ ಅಂಡೆಯಲ್ಲಿ ನೀರು ತುಂಬಿ ಕೆಂಡಕ್ಕೆ ಓರೆಯಾಗಿ ಒರಗಿಸಬಹುದು. ಇಲ್ಲವೆ ಸುಶ್ರುತನು ಹೇಳಿದ ಕಾದ ಗುಂಡಿನ ಉಪಾಯವಿದೆ: ಮುಷ್ಟಿ ಗಾತ್ರದ ಕಲ್ಲುಗಳನ್ನು ಕೆಂಡದಲ್ಲಿ ಕಾಯಿಸಿ, ಹಸಿಕೋಲುಗಳಿಂದ ಹಿಡಿದು, ಹಾಳೆಯ ದೊನ್ನೆಯಲ್ಲಿರುವ ನೀರಿಗೆ ಒಂದಾದ ಮೇಲೊಂದು ಇಳಿಸಿದರೆ ನೀರು ಕುದಿಯುತ್ತದೆ. ಹೊಳೆಯೊಳಗಿನ ಕಲ್ಲನ್ನು ಮಾತ್ರ ಕೆಂಡಕ್ಕೆ ಹಾಕಕೂಡದು. ಒಳಗಿನ ತೇವವು ಉಗಿಯಾಗಿ ಕಲ್ಲು ಸಿಡಿದು ಕಣ್ಣಿಗೆ ಬಡಿದೀತು. ಒಣದಿಣ್ಣೆಯ ಕಲ್ಲನ್ನೇ ಆರಿಸಬೇಕು.

ಇಲ್ಲೊಂದು ತೊಡಕಿದೆ. ರಕ್ಷಿತಾರಣ್ಯದಲ್ಲಿ ಬೆಂಕಿ ಹಾಕುವುದು ಕಾನೂನಿಗೆ ವಿರುದ್ಧ. ಬೇಸಗೆಯಲ್ಲಿ ಒಂದು ಕಿಡಿಯಿಂದ ಒಂದು ಗುಡ್ಡದ ಹುಲ್ಲೆಲ್ಲ ಉರಿದುಹೋಗುವುದನ್ನು ನಾವು ಕಂಡಿದ್ದೇವೆ. ದಾರಿ ತಪ್ಪಿ ಪ್ರಾಣಕ್ಕೇ ಬಂದಾಗಿನ ಮಾತು ಬೇರೆ. ವಿನೋದಕ್ಕೆ ಹೋದವರು ಒಲೆ ಹೂಡುವುದು ಸಲ್ಲದು. ಅಂಥವರಿಗೆ ಔಷಧದಂಗಡಿಯ ಕ್ಲೋರಿನ್ ಗುಳಿಗೆಯೇ ಸಾಧನ. ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಹಾಕಿ, ಅಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಶೋಧಕದ ನಿಜವಾದ ಉಪಯೋಗವು ಇಲ್ಲಿದೆ. ಕದಡಿದ ನೀರಿಗೆ ಗುಳಿಗೆ ಹಾಕಿದರೆ ಅದರ ಬಲವೆಲ್ಲ ಮಣ್ಣು ಕಸಗಳ ಮೇಲೆಯೇ ವ್ಯಯವಾಗಿ ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಸೋಸಿ ತಿಳಿಗೊಳಿಸಿದ ನೀರಿನಲ್ಲಿ ಅದು ಪೂರ್ತಿ ಕೆಲಸ ಮಾಡುತ್ತದೆ. ಕೆಲವು ಪರೋಪಜೀವಿಗಳು ಕ್ಲೋರಿನ್ನಿಗೂ ಜಗ್ಗವು. ಆದರೂ ಬರಿಯ ಶೋಧಕಕ್ಕಿಂತ ಸಾವಿರ ಪಾಲು ಲೇಸು.

ಬಿಸಿಲಿನ ಉಪಾಯಕ್ಕೂ ಇದೇ ನಿಯಮ. ತಿಳಿಯಾದ ನೀರನ್ನು ಪಾರದರ್ಶಕವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಚೆನ್ನಾದ ಬಿಸಿಲಿನಲ್ಲಿ ಆರು ಗಂಟೆ, ಮೋಡವಿದ್ದರೆ ಎರಡು ದಿನ ಇಟ್ಟರೆ, ಸೂರ್ಯನ ಅತಿನೇರಳೆ ಕಿರಣಗಳು ರೋಗಾಣುಗಳನ್ನು ಕೊಲ್ಲುತ್ತವೆ. ಬಾಟಲಿಯನ್ನು ಮುದ್ರಿತ ಕಾಗದದ ಮೇಲೆ ನಿಲ್ಲಿಸಿ ಮೇಲಿನಿಂದ ನೋಡಿದಾಗ ಅಕ್ಷರವು ಓದಲು ಬಾರದಿದ್ದರೆ ನೀರು ಇನ್ನೂ ಕದಡಿದೆಯೆಂದು ತಿಳಿದು ಮತ್ತೆ ಸೋಸಬೇಕು. ನಮ್ಮ ಆಷಾಢ ಶ್ರಾವಣಗಳಲ್ಲಿ ವಾರಗಟ್ಟಳೆ ಸೂರ್ಯನ ಮುಖವೇ ಕಾಣದಿರುವುದರಿಂದ ಮಲೆನಾಡಿನ ಮಳೆಗಾಲಕ್ಕೆ ಈ ಉಪಾಯ ಒದಗದು.

ಕಾಗದ ಬರೆದ ಸಹೋದರಿಯವರು ಮಗನಿಗೆ ಶೋಧಕವನ್ನು ಮಾಡಬೇಡವೆಂದು ಹೇಳುವ ಅಗತ್ಯವಿಲ್ಲ. ಒಂದು ಭಾನುವಾರ ಮನೆಯ ಹಿತ್ತಿಲಿನಲ್ಲಿಯೇ ಮಾಡಿಸಿ, ಸೋಸಿದ ನೀರನ್ನು ಅವನ ಕೈಯಿಂದಲೇ ಒಲೆಯ ಮೇಲೆ ಇಡಿಸಲಿ. ಹೊರಡುವ ದಿನ ಗಂಟಿನಲ್ಲಿ ಎರಡು ಲೀಟರು ಕಾಸಿದ ನೀರು, ಹಳೆಯ ಹತ್ತಿಯ ಸೀರೆಯ ಒಂದು ಮೊಳ ತುಂಡು, ಒಂದು ಪಟ್ಟಿ ಗುಳಿಗೆ, ಒಂದು ಸಣ್ಣ ಸ್ಟೀಲಿನ ಪಾತ್ರೆ ಇರಲಿ. ಕಾಸಿದ ನೀರು ಸಪ್ಪೆಯೆಂದು ಹುಡುಗರು ಮೂಗು ಮುರಿಯುತ್ತಾರೆ. ಕುದಿಯುವಾಗ ನೀರಿನಲ್ಲಿ ಕರಗಿದ್ದ ಗಾಳಿಯು ಹೊರಟುಹೋಗುವುದೇ ಆ ಸಪ್ಪೆಗೆ ಕಾರಣ. ಆರಿದ ಮೇಲೆ ತೊಳೆದ ಎರಡು ಲೋಟಗಳ ನಡುವೆ ಕಾಫಿಯನ್ನು ಆರಿಸುವಂತೆ ನಾಲ್ಕು ಸಲ ಎತ್ತಿ ಹೊಯ್ದರೆ ರುಚಿಯು ಹಿಂದಿರುಗುತ್ತದೆ.